ತೂತು ಕೊರೆದ ಟ್ಯಾಂಕಿಗೆ ಯಾವ ಫಿಟ್ಟಿಂಗ್ ತಗೋಬೇಕು?

ಸಂಪ್ ವಿಡಿಯೋ ನೋಡಿದ ಮೇಲೆ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: ಗಾಜಿಗೆ ತೂತು ಕೊರೆಸಿದ್ರೆ ಅಲ್ಲಿಂದ ಸೋರಲ್ವಾ? ಭಯ ಸರಿಯಾದದ್ದೇ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತೆ. ನಮ್ಮಲ್ಲಿ ಹೆಚ್ಚಿನವರು ಪುಣೆಯಲ್ಲೋ ಹೈದರಾಬಾದಲ್ಲೋ ಬಾಡಿಗೆ ಫ್ಲ್ಯಾಟಲ್ಲಿ ಇರೋರು. ಅಷ್ಟು ನೀರು ಕೆಳಗಿನ ಮನೆಯ ಫಾಲ್ಸ್ ಸೀಲಿಂಗಿಗೆ ಇಳಿದ್ರೆ ಡೆಪಾಸಿಟ್ ಮಾತು ಹಾಗಿರಲಿ, ಮಾರನೇ ದಿನ ಲಿಫ್ಟಲ್ಲಿ ಅವರ ಮುಖ ನೋಡೋದು ಹೇಗೆ?

ಗಾಜಿನ ತೂತಿಗೆ ಕೂರಿಸೋ ಫಿಟ್ಟಿಂಗಿಗೆ ಬಲ್ಕ್‌ಹೆಡ್ ಅಂತ ಹೆಸರು. ಹಾರ್ಡ್‌ವೇರ್ ಅಂಗಡಿಯಲ್ಲಿ ಹಾಗೆ ಕೇಳಿದ್ರೆ ನಿಮ್ಮ ಮುಖ ನೋಡ್ತಾರೆ. "ಟ್ಯಾಂಕ್ ನಿಪ್ಪಲ್" ಅನ್ನಿ. ತಾರಸಿಯ ನೀರಿನ ಟ್ಯಾಂಕಿಗೆ ಹಾಕೋದೂ ಇದೇ ಜಾತಿ. ಆದರೆ ಪ್ಲಾಸ್ಟಿಕ್ ಗೋಡೆ ಸ್ವಲ್ಪ ಬಾಗುತ್ತೆ, ಗಾಜು ಬಾಗಲ್ಲ. ಹಾಗಾಗಿ ಫ್ಲೇಂಜ್ ಅಗಲವಾಗಿ, ಸಮತಟ್ಟಾಗಿ ಇರಬೇಕು. ಗ್ಯಾಸ್ಕೆಟ್ ಮೆತ್ತಗಿರಬೇಕು, ಉಗುರಲ್ಲಿ ಒತ್ತಿದ್ರೆ ತಗ್ಗಬೇಕು. ಹಿತ್ತಾಳೆದು ಎಷ್ಟೇ ಗಟ್ಟಿ ಅಂದ್ರೂ ಬೇಡ. ಅದರಲ್ಲಿರೋ ತಾಮ್ರ ಸಿಗಡಿಗೆ, ಬಸವನಹುಳಕ್ಕೆ ವಿಷ.

ನೀರು ತಡೆಯೋದು ನಟ್ ಅಲ್ಲ, ಗ್ಯಾಸ್ಕೆಟ್. ಅದು ಟ್ಯಾಂಕಿನ ಒಳಗೆ, ಫ್ಲೇಂಜ್ ಮತ್ತು ಗಾಜಿನ ನಡುವೆ ಬರಬೇಕು. ಹೊರಗೆ ನಟ್ ಕಡೆ ಹಾಕಿದ್ರೆ ನೀರು ತೂತಿನೊಳಗೆ ಇಳಿದು, ಥ್ರೆಡ್ಡಿನ ಸುರುಳಿ ಹಿಡ್ಕೊಂಡು ನಟ್ಟಿನಾಚೆ ಜಿನುಗುತ್ತೆ. ಸಾಲದ್ದಕ್ಕೆ ನಟ್ ತಿರುಗಿಸುವಾಗ ರಬ್ಬರೂ ತಿರುಚಿಕೊಳ್ಳುತ್ತೆ. ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಕಾಲು ಸುತ್ತು, ಸಾಕು. ಪಾನಾ ಹಿಡಿದು ಬಲ ತೋರಿಸಿದ್ರೆ ರಬ್ಬರ್ ಹೊರಕ್ಕೆ ಜಾರುತ್ತೆ ಅಥವಾ ಗಾಜು ಸೀಳುತ್ತೆ. ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಬಳಿಯೋ ಅಭ್ಯಾಸ ನನಗೆ ಇಷ್ಟವಿಲ್ಲ. ಸರಿಯಾದ ಗ್ಯಾಸ್ಕೆಟ್ಟಿಗೆ ಅದು ಬೇಕಿಲ್ಲ. ಬಳಿದ್ರೆ ನಾಳೆ ಬಿಚ್ಚೋಕೆ ತೊಂದರೆ.

ಈಗ ಅಳತೆ. ಅಸಲಿ ತಲೆನೋವು ಇಲ್ಲಿದೆ. "ಒಂದಿಂಚು" ಅನ್ನೋದು ಪೈಪಿನ ಹೆಸರು, ತೂತಿನ ಅಳತೆ ಅಲ್ಲ. ಒಂದಿಂಚಿನ ಬಲ್ಕ್‌ಹೆಡ್ಡಿಗೆ ತೂತು ಅದಕ್ಕಿಂತ ಎಷ್ಟೋ ದೊಡ್ಡದು ಬೇಕು, ಕಂಪನಿಯಿಂದ ಕಂಪನಿಗೆ ಬೇರೆ. ಮೊದಲು ಫಿಟ್ಟಿಂಗ್ ಕೊಳ್ಳಿ, ಕ್ಯಾಲಿಪರ್ ಹಿಡಿದು ಅಳೆಯಿರಿ, ಆಮೇಲೆ ಕೊರೆಸಿ. ಟಫನ್ಡ್ ಗಾಜಾದ್ರೆ ಕೊರೆಯೋ ಮಾತೇ ಇಲ್ಲ, ಇಡೀ ಹಾಳೆ ಪುಡಿಪುಡಿಯಾಗುತ್ತೆ.

ಪೈಪಿನದೂ ಅದೇ ಕಥೆ. ಪ್ಲಂಬಿಂಗಿನ ಒಂದಿಂಚು ಯುಪಿವಿಸಿ ಪೈಪಿನ ಹೊರ ವ್ಯಾಸ 33.4 ಮಿ.ಮೀ. ಹೊಲದ ನೀರಾವರಿಗೆ ಹಾಕೋ ಪಿವಿಸಿಯಲ್ಲಿ ಅದಕ್ಕೆ ಹತ್ತಿರದ್ದು 32 ಮಿ.ಮೀ. ಸಿಪಿವಿಸಿಯ ಒಂದಿಂಚು 28.6 ಮಿ.ಮೀ. ಮೂರೂ ಒಂದೇ ಅಂಗಡಿಯಲ್ಲಿ ಸಿಗುತ್ತವೆ. 32ರ ಪೈಪು 33.4ರ ಸಾಕೆಟ್ಟಿಗೆ ಸಲೀಸಾಗಿ ಹೋಗುತ್ತೆ, ಅದೇ ಅಪಾಯ! ಟೈಪ್ ಮಿಸ್‌ಮ್ಯಾಚ್ ಆದ್ರೂ ಇಲ್ಲಿ ಕಂಪೈಲರ್ ಎರರ್ ಕೊಡಲ್ಲ. ಸಾಲ್ವೆಂಟ್ ಸಿಮೆಂಟ್ ಪ್ಲಾಸ್ಟಿಕ್ಕನ್ನ ಕರಗಿಸಿ ಬೆಸೆಯುತ್ತೆ, ಸಂದು ತುಂಬೋ ಕೆಲಸ ಅದರದ್ದಲ್ಲ.

ಥ್ರೆಡ್ ಇರೋದು ತಗೊಂಡ್ರೆ ಇನ್ನೊಂದು ಎಚ್ಚರ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಬಿಎಸ್‌ಪಿ ಥ್ರೆಡ್, ಅಮೆರಿಕದ ಮಾಲಿನಲ್ಲಿ ಎನ್‌ಪಿಟಿ. ಅರ್ಧ ಇಂಚು, ಮುಕ್ಕಾಲು ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತು, ಹಾಗಾಗಿ ಕೂತ ಹಾಗೆ ಅನಿಸುತ್ತೆ. ಆದರೆ ಹಲ್ಲಿನ ಕೋನ ಒಂದರಲ್ಲಿ 55 ಡಿಗ್ರಿ, ಇನ್ನೊಂದರಲ್ಲಿ 60. ಎಷ್ಟು ಟೆಫ್ಲಾನ್ ಟೇಪ್ ಸುತ್ತಿದ್ರೂ ನಂಬೋ ಹಾಗಿಲ್ಲ. ಸಾಧ್ಯವಾದ್ರೆ ಅಂಟಿಸೋ ಸಾಕೆಟ್ಟಿನದೇ ತಗೊಳ್ಳಿ, ಬಿಚ್ಚೋಕೆ ಅನುಕೂಲ ಆಗ್ಲಿ ಅಂತ ಅದರ ಮುಂದೆ ಒಂದು ಯೂನಿಯನ್ ಹಾಕಿ. ಪೈಪಿನ ಭಾರ ಬಲ್ಕ್‌ಹೆಡ್ ಮೇಲೆ ಬೀಳದ ಹಾಗೆ ಸ್ಟ್ಯಾಂಡಿಗೆ ಕ್ಲಾಂಪ್ ಹೊಡೀರಿ.

ಮೀನು ಬಿಡೋದಿರಲಿ, ಮರಳು ಹಾಕೋ ಮೊದಲೇ ಟ್ಯಾಂಕ್ ಪೂರ್ತಿ ತುಂಬಿಸಿ 24 ಗಂಟೆ ಬಿಡಿ. ಪ್ರತಿ ಜಾಯಿಂಟ್ ಕೆಳಗೂ ಒಣ ಟಿಶ್ಯೂ ಇಡಿ. ನಟ್ ಸುತ್ತ ಒದ್ದೆಯಾದ್ರೆ ಮೊದಲು ಗ್ಯಾಸ್ಕೆಟ್ ನೋಡಿ, ಪೈಪು ಸೇರೋ ಕಡೆ ಒದ್ದೆಯಾದ್ರೆ ಸಿಮೆಂಟ್ ಅಥವಾ ಟೇಪ್.