ಕಛೇರಿಗೆ ಲ್ಯಾಪ್‌ಟಾಪ್ ಖರೀದಿ: ಎರಡು ಮಾದರಿಗಳ ನಡುವೆ ನಿರ್ಣಯ ಕೈಗೊಳ್ಳುವ ಮುನ್ನ



ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ‘ಕಛೇರಿ ಬಳಕೆಗೆ ಲ್ಯಾಪ್‌ಟಾಪ್ ಖರೀದಿಸುವ ಕುರಿತು’ ಎಂಬ ವಿಷಯವು ಸಾಮಾನ್ಯವಾಗಿ ಕಾರ್ಯಸೂಚಿಯ ಕೊನೆಯ ಭಾಗದಲ್ಲಿ ಬರುತ್ತದೆ. ಕುಡಿಯುವ ನೀರು, ಬೀದಿ ದೀಪ, ಚರಂಡಿಗಳ ಚರ್ಚೆ ಮುಗಿಯುವ ವೇಳೆಗೆ ಹೊತ್ತು ಮೀರಿರುತ್ತದೆ. ತುಲನಾತ್ಮಕ ದರಪಟ್ಟಿಯಲ್ಲಿ ಕಡಿಮೆ ದರ ಯಾವುದೆಂದು ನೋಡಿ ಅನುಮೋದನೆ ನೀಡಲಾಗುತ್ತದೆ. ಆದರೆ ಆ ಯಂತ್ರವು ಮುಂದಿನ ಐದಾರು ವರ್ಷ ಪಂಚಾಯಿತಿಯ ಬಹುಪಾಲು ಕೆಲಸವನ್ನು ಹೊರಬೇಕಾಗಿರುತ್ತದೆ. ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ರ ವಿತರಣೆ, ಪಂಚತಂತ್ರದಲ್ಲಿ ತೆರಿಗೆ ಹಾಗೂ ಲೆಕ್ಕಪತ್ರ, ಇ-ಗ್ರಾಮ ಸ್ವರಾಜ್‌ನಲ್ಲಿ ಯೋಜನೆ ಹಾಗೂ ಪಾವತಿ, ಎಲ್ಲವೂ ಅದರ ಮೂಲಕವೇ ನಡೆಯುತ್ತವೆ. ಅದು ಕೆಟ್ಟು ನಿಂತ ದಿನ ನಮೂನೆಗಾಗಿ ಬಂದ ರೈತರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ನೀರುಗಂಟಿಯ ವೇತನ ಪಾವತಿ ಮುಂದಕ್ಕೆ ಹೋಗುತ್ತದೆ.

ಆದುದರಿಂದ ದರಪಟ್ಟಿಯನ್ನು ಓದುವ ಕ್ರಮವನ್ನು ಇಲ್ಲಿ ಒಂದು ಉದಾಹರಣೆಯ ಮೂಲಕ ವಿವರಿಸಲಾಗಿದೆ. ಸಭೆಯ ಮುಂದೆ ಎರಡು ಮಾದರಿಗಳು ಬಂದಿವೆ ಎಂದು ಭಾವಿಸೋಣ. ಮೊದಲನೆಯದು ತೆಳುವಾದುದು, ಹಗುರವಾದುದು. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಒಂದು ವರ್ಷದ ವಾರಂಟಿ. ಎರಡನೆಯದು ತುಸು ದಪ್ಪ, ನೋಟಕ್ಕೆ ಸಾಧಾರಣ. ಅದರಲ್ಲಿಯೂ 8 ಜಿಬಿ ರ‍್ಯಾಮ್, ಆದರೆ 256 ಜಿಬಿ ಎಸ್‌ಎಸ್‌ಡಿ, ಮೂರು ವರ್ಷಗಳ ವಾರಂಟಿ. ದರದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಮೇಲ್ನೋಟಕ್ಕೆ ಮೊದಲನೆಯದೇ ಲಾಭಕರವೆಂದು ತೋರುತ್ತದೆ. ಸಂಗ್ರಹ ಸಾಮರ್ಥ್ಯ ಇಮ್ಮಡಿಯಾಗಿರುವುದು ಯಾರ ಕಣ್ಣಿಗಾದರೂ ಬೀಳುವ ಸಂಗತಿ.

ಆದರೆ ದರಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣದ ಒಂದು ವಿವರವಿದೆ. ರ‍್ಯಾಮ್ ಎಂಬುದು ಯಂತ್ರವು ಒಮ್ಮೆಗೆ ಎಷ್ಟು ಕೆಲಸಗಳನ್ನು ಮುಂದೆ ಹರಡಿಕೊಂಡು ಮಾಡಬಲ್ಲದು ಎಂಬುದನ್ನು ನಿರ್ಧರಿಸುವ ಭಾಗ. ಎಸ್‌ಎಸ್‌ಡಿ ಕಡತಗಳ ಕಪಾಟಾದರೆ, ರ‍್ಯಾಮ್ ಗುಮಾಸ್ತರ ಮುಂದಿನ ಮೇಜು. ತೆಳುವಾದ ಅನೇಕ ಮಾದರಿಗಳಲ್ಲಿ ಈ ರ‍್ಯಾಮ್ ಅನ್ನು ಮದರ್‌ಬೋರ್ಡ್‌ಗೆ ಬೆಸುಗೆ ಹಾಕಿ ಕೂರಿಸಲಾಗಿರುತ್ತದೆ. ಅದನ್ನು ನಂತರ ಹೆಚ್ಚಿಸಲಾಗುವುದಿಲ್ಲ. ಕೆಟ್ಟರೆ ಸಾಮಾನ್ಯವಾಗಿ ಮದರ್‌ಬೋರ್ಡ್ ಅನ್ನೇ ಬದಲಾಯಿಸಬೇಕಾಗುತ್ತದೆ. ನಮ್ಮ ಉದಾಹರಣೆಯ ಮೊದಲನೆಯ ಮಾದರಿ ಇಂಥದು. ಎರಡನೆಯದರಲ್ಲಿ ರ‍್ಯಾಮ್ ಬಿಡಿಯಾದ ಪಟ್ಟಿಯ ರೂಪದಲ್ಲಿ ಒಂದು ಸ್ಲಾಟ್‌ನಲ್ಲಿ ಕುಳಿತಿದ್ದು, ಇನ್ನೊಂದು ಸ್ಲಾಟ್ ಖಾಲಿ ಇದೆ. ಮುಂದೊಂದು ದಿನ ಮತ್ತೊಂದು 8 ಜಿಬಿ ಪಟ್ಟಿಯನ್ನು ಸೇರಿಸಿ 16 ಜಿಬಿ ಮಾಡಿಕೊಳ್ಳಬಹುದು.

ಇದು ಅಷ್ಟು ಮುಖ್ಯವೇ ಎಂದು ಕೇಳಬಹುದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಸಾಕೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಪ್ರಕಟಿಸಿದೆ. ಆದರೆ ಅದು ಯಂತ್ರ ಚಾಲನೆಗೆ ಬೇಕಾದ ಪ್ರಮಾಣವೇ ಹೊರತು ಕೆಲಸಕ್ಕೆ ಸಾಕಾಗುವ ಪ್ರಮಾಣವಲ್ಲ. ನಮ್ಮ ತಂತ್ರಾಂಶಗಳೆಲ್ಲ ಬಹುತೇಕ ಬ್ರೌಸರ್‌ನಲ್ಲಿಯೇ ತೆರೆದುಕೊಳ್ಳುತ್ತವೆ. ನಾಲ್ಕಾರು ಜಾಲತಾಣಗಳು, ಒಂದು ಎಕ್ಸೆಲ್ ಕಡತ, ಅದೇ ವೇಳೆಗೆ ತಾಲ್ಲೂಕು ಪಂಚಾಯಿತಿಯ ವಿಡಿಯೋ ಸಂವಾದ ಇಷ್ಟು ಕೂಡಿದರೆ 8 ಜಿಬಿ ಇಂದೇ ಬಿಗಿಯಾಗುತ್ತದೆ. ನಾಲ್ಕು ವರ್ಷದ ನಂತರ ಸಾಲದೇ ಹೋಗುವ ಸಂಭವವೇ ಹೆಚ್ಚು. ಆಗ ಎರಡನೆಯ ಮಾದರಿಗೆ ಒಂದು ಪಟ್ಟಿಯ ವೆಚ್ಚವಾದರೆ, ಮೊದಲನೆಯದಕ್ಕೆ ಹೊಸ ಲ್ಯಾಪ್‌ಟಾಪಿನ ವೆಚ್ಚ.

ಮೊದಲನೆಯ ಮಾದರಿಯಲ್ಲಿ ಬೆಸುಗೆ ಹಾಕಿದ ರ‍್ಯಾಮ್ 16 ಜಿಬಿಯೇ ಇದ್ದಿದ್ದರೆ ಲೆಕ್ಕಾಚಾರ ಬೇರೆಯಾಗುತ್ತಿತ್ತು ಎಂಬುದನ್ನೂ ಹೇಳಬೇಕು. ಬೆಸುಗೆಯೇ ದೋಷವಲ್ಲ, ಕಡಿಮೆ ಪ್ರಮಾಣದಲ್ಲಿ ಬೆಸುಗೆ ಹಾಕಿರುವುದು ದೋಷ.

ಸಂಗ್ರಹ ಸಾಮರ್ಥ್ಯದ ಬಗ್ಗೆ ಇಷ್ಟು ಆತಂಕ ಬೇಡ. ಪಂಚಾಯಿತಿಯ ದತ್ತಾಂಶದ ಬಹುಭಾಗ ಸರ್ಕಾರದ ಸರ್ವರ್‌ಗಳಲ್ಲಿಯೇ ಇರುವುದರಿಂದ 256 ಜಿಬಿ ಕೆಲವು ವರ್ಷ ಸಾಕಾಗುತ್ತದೆ. ಎಂ.2 ಮಾದರಿಯ ಎಸ್‌ಎಸ್‌ಡಿ ಆಗಿದ್ದಲ್ಲಿ ನಂತರ ದೊಡ್ಡದನ್ನು ಹಾಕಿಸಬಹುದು. ಇಎಂಎಂಸಿ ಎಂದು ನಮೂದಾಗಿದ್ದರೆ ಮಾತ್ರ ಒಪ್ಪಬಾರದು. ಅದು ನಿಧಾನ, ಜೊತೆಗೆ ಬದಲಾಯಿಸಲಾಗದು. ಮಾರಾಟಗಾರರು ‘ವಿಸ್ತರಿಸಬಹುದು’ ಎಂದಾಗ, ಖಾಲಿ ಸ್ಲಾಟ್ ಇದೆಯೇ ಅಥವಾ ಇರುವುದನ್ನು ತೆಗೆದು ಬೇರೆಯದನ್ನು ಹಾಕಬೇಕೇ ಎಂದು ಸ್ಪಷ್ಟಪಡಿಸಿಕೊಳ್ಳಬೇಕು. ಮೆಮೊರಿ ಕಾರ್ಡ್ ಹಾಕುವ ಕಿಂಡಿಯನ್ನೇ ವಿಸ್ತರಣೆ ಎಂದು ತೋರಿಸುವವರೂ ಇದ್ದಾರೆ.

ಎರಡನೆಯದಾಗಿ ಯಂತ್ರದ ಬದಿಗಳನ್ನು ನೋಡಬೇಕು. ಪಾವತಿಗೆ ಬೇಕಾದ ಅಧ್ಯಕ್ಷರ ಹಾಗೂ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಡಿಜಿಟಲ್ ಸಹಿಯ ಟೋಕನ್‌ಗಳು ಸಾಮಾನ್ಯವಾಗಿ ಹಳೆಯ ಆಯತಾಕಾರದ ಯುಎಸ್‌ಬಿ ಕಿಂಡಿಗೆ ಹೊಂದುವಂಥವು. ಮುದ್ರಕ, ಸ್ಕ್ಯಾನರ್, ಬೆರಳಚ್ಚು ಸಾಧನಗಳಿಗೂ ಅದೇ ಬೇಕು. ತೆಳು ಮಾದರಿಯಲ್ಲಿ ಇಂಥ ಕಿಂಡಿ ಒಂದೇ ಇದ್ದು ಉಳಿದವು ಟೈಪ್-ಸಿ ಆಗಿದ್ದರೆ ಪ್ರತ್ಯೇಕ ಅಡಾಪ್ಟರ್ ಬೇಕಾಗುತ್ತದೆ. ಅದು ಕಳೆದುಹೋದ ದಿನ ಟೋಕನ್ ಹಾಕಲು ಜಾಗವಿಲ್ಲದೆ ಪಾವತಿ ನಿಲ್ಲಬಹುದು. ಭಾರತ್‌ನೆಟ್ ಸಂಪರ್ಕವನ್ನು ತಂತಿಯ ಮೂಲಕ ಬಳಸುವ ಕಛೇರಿಗಳಿಗೆ ಲ್ಯಾನ್ ಕಿಂಡಿ ಇರುವುದೂ ಅನುಕೂಲ. ಹಗುರವಾದ ಯಂತ್ರವೇ ಬೇಕೆಂಬ ವಾದಕ್ಕೆ ಗ್ರಾಮ ಸಭೆ, ವಾರ್ಡ್ ಸಭೆಗಳಿಗೆ ಒಯ್ಯುವ ಕಾರಣವನ್ನು ನೀಡುವುದುಂಟು. ವರ್ಷದಲ್ಲಿ ಕೆಲವೇ ದಿನಗಳ ಆ ಪ್ರಯಾಣಕ್ಕಾಗಿ ಉಳಿದ ದಿನಗಳ ಅನುಕೂಲವನ್ನು ಬಿಟ್ಟುಕೊಡುವುದು ಸರಿಯೆನಿಸುವುದಿಲ್ಲ.

ವಾರಂಟಿಯಲ್ಲಿ ವರ್ಷಗಳಷ್ಟೇ ಅಲ್ಲ, ಸ್ವರೂಪವೂ ಮುಖ್ಯ. ತಂತ್ರಜ್ಞರು ಕಛೇರಿಗೇ ಬಂದು ದುರಸ್ತಿ ಮಾಡುವರೇ, ಅಥವಾ ಯಂತ್ರವನ್ನು ನಾವೇ ಸೇವಾ ಕೇಂದ್ರಕ್ಕೆ ಒಯ್ಯಬೇಕೇ? ಒಯ್ಯಬೇಕೆಂದಾದರೆ ಆ ಕೇಂದ್ರ ಯಾವ ಊರಿನಲ್ಲಿದೆ? ದೂರದ ಹೋಬಳಿಯ ಪಂಚಾಯಿತಿಗೆ ಈ ಒಂದು ವ್ಯತ್ಯಾಸವೇ ಒಂದು ವಾರದ ಕೆಲಸವನ್ನು ಉಳಿಸಬಹುದು. ರ‍್ಯಾಮ್ ಸೇರಿಸಲು ಹಿಂಬದಿಯ ಮುಚ್ಚಳ ತೆರೆದರೆ ವಾರಂಟಿ ರದ್ದಾಗುವುದಿಲ್ಲವೆಂದು, ಅಥವಾ ಅಧಿಕೃತ ತಂತ್ರಜ್ಞರಿಂದಲೇ ಮಾಡಿಸಬೇಕೆಂದಿದ್ದರೆ ಹಾಗೆಂದು, ಲಿಖಿತವಾಗಿ ಪಡೆಯುವುದು ಒಳಿತು.

ಕಡಿಮೆ ದರಕ್ಕೆ ಹಳೆಯ ದಾಸ್ತಾನಿನ ಯಂತ್ರ ಬಂದಾಗಲೂ ಎಚ್ಚರವಿರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಇಲ್ಲದ ಯಂತ್ರವು ವಿಂಡೋಸ್ 11ರ ಅಧಿಕೃತ ಅರ್ಹತೆ ಪಡೆಯುವುದಿಲ್ಲ. ಹಣದ ವ್ಯವಹಾರ ನಡೆಯುವ ಕಛೇರಿಯಲ್ಲಿ ಸುರಕ್ಷತಾ ಪರಿಷ್ಕರಣೆ ದೊರೆಯದ ಯಂತ್ರಕ್ಕೆ ಸ್ಥಾನವಿಲ್ಲ.

ಇವೆಲ್ಲವನ್ನೂ ದರಪಟ್ಟಿ ಆಹ್ವಾನಿಸುವ ಮೊದಲೇ ತಾಂತ್ರಿಕ ವಿವರಣೆಯಲ್ಲಿ ಸೇರಿಸಿದರೆ ಸಭೆಯಲ್ಲಿ ಗೊಂದಲವಾಗದು. ತಯಾರಕರ ಹೆಸರನ್ನು ನಮೂದಿಸದೆ ‘ರ‍್ಯಾಮ್ 8 ಜಿಬಿ, ಕನಿಷ್ಠ ಒಂದು ಖಾಲಿ ಸ್ಲಾಟ್ ಸಹಿತ, ಅಥವಾ 16 ಜಿಬಿ’ ಎಂಬಂತೆ ಬರೆಯಬೇಕು. ಹೆಚ್ಚುವರಿ 8 ಜಿಬಿಯ ದರವನ್ನು ಪ್ರತ್ಯೇಕ ಸಾಲಿನಲ್ಲಿ ಕೇಳಬೇಕು. ಎಷ್ಟೋ ವೇಳೆ ಅದನ್ನು ಈಗಲೇ ಹಾಕಿಸುವುದು ಸೂಕ್ತವೆಂದು ಆ ಸಾಲನ್ನು ನೋಡಿದಾಗಲೇ ತಿಳಿಯುತ್ತದೆ.

ಸರಬರಾಜಾದ ದಿನ ಪರಿಶೀಲನೆಯೂ ಕಷ್ಟವಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆಯುವ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆಯ್ದರೆ ಒಟ್ಟು ಸ್ಲಾಟ್‌ಗಳಲ್ಲಿ ಎಷ್ಟು ಬಳಕೆಯಾಗಿವೆ ಎಂಬುದು ಕಾಣುತ್ತದೆ. ಅಲ್ಲಿಯೇ ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ಎಸ್‌ಒಡಿಐಎಂಎಂ ಎಂದಿದ್ದರೆ ರ‍್ಯಾಮ್ ಬಿಡಿ ಪಟ್ಟಿಯ ರೂಪದ್ದು. ಅದು ಡಿಡಿಆರ್4 ಅಥವಾ ಡಿಡಿಆರ್5 ಎಂಬುದನ್ನು ಯಂತ್ರದ ಕ್ರಮಸಂಖ್ಯೆ, ವಾರಂಟಿ ಮುಗಿಯುವ ದಿನಾಂಕಗಳೊಂದಿಗೆ ದಾಸ್ತಾನು ವಹಿಯಲ್ಲಿ ನಮೂದಿಸಿಡಬೇಕು. ಇವೆರಡೂ ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ಮೂರು ವರ್ಷದ ನಂತರ ಹೆಚ್ಚುವರಿ ಪಟ್ಟಿ ಕೊಳ್ಳುವ ವೇಳೆಗೆ ಇಂದಿನ ಅಭಿವೃದ್ಧಿ ಅಧಿಕಾರಿಗಳು ವರ್ಗಾವಣೆಯಾಗಿರಬಹುದು, ವಹಿ ಮಾತ್ರ ಕಛೇರಿಯಲ್ಲಿಯೇ ಇರುತ್ತದೆ.