ಅಷ್ಟಾಂಗ ಯೋಗಾಭ್ಯಾಸ

1927ನೆಯ ಇಸವಿ. ಹಾಸನದ ಜ್ಯೂಬಿಲಿ ಹಾಲಿನಲ್ಲಿ ವಿದ್ವಾಂಸರೊಬ್ಬರು ಯೋಗಾಸನಗಳನ್ನು ಪ್ರದರ್ಶಿಸುತ್ತಿದ್ದರು. ಸಮೀಪದ ಕೌಶಿಕ ಗ್ರಾಮದಿಂದ ಬಂದಿದ್ದ ಹನ್ನೆರಡು ವರ್ಷದ ಬಾಲಕನೊಬ್ಬನು ಅದನ್ನು ಕಂಡು ಬೆರಗಾದನು. ಮರುದಿನವೇ ಅವರ ಬಳಿಗೆ ಹೋಗಿ, ತನಗೂ ಆ ವಿದ್ಯೆಯನ್ನು ಕಲಿಸಬೇಕೆಂದು ಬೇಡಿಕೊಂಡನು. ಆ ವಿದ್ವಾಂಸರೇ ತಿರುಮಲೈ ಕೃಷ್ಣಮಾಚಾರ್ಯರು. ಆ ಬಾಲಕನೇ ಮುಂದೆ ಮೈಸೂರಿನಲ್ಲಿ ಅಷ್ಟಾಂಗ ಯೋಗವನ್ನು ಬೋಧಿಸಿದ ಕೆ. ಪಟ್ಟಾಭಿ ಜೋಯಿಸರು. ಬೆರಗು ಒಂದೇ ದಿನದಲ್ಲಿ ಹುಟ್ಟಿತು. ಕಲಿಕೆಗೆ ಮಾತ್ರ ವರ್ಷಗಳೇ ಬೇಕಾದವು.

‘ಅಷ್ಟಾಂಗ’ ಎಂದರೆ ಎಂಟು ಅಂಗಗಳುಳ್ಳದ್ದು. ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ ಎಂಬ ಇವುಗಳನ್ನು ಪತಂಜಲಿ ಮಹರ್ಷಿಯು ಯೋಗಸೂತ್ರಗಳಲ್ಲಿ ನಿರೂಪಿಸಿದ್ದಾನೆ. ಆಸನವು ಇವುಗಳಲ್ಲಿ ಮೂರನೆಯದು ಮಾತ್ರ. ಸತ್ಯ, ಅಹಿಂಸೆ, ಶುಚಿತ್ವ ಮೊದಲಾದ ನಡತೆಯ ನಿಯಮಗಳು ಅದಕ್ಕಿಂತ ಮೊದಲೇ ಬರುತ್ತವೆ.

ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ಆರಂಭವಾಯಿತು. ಕೃಷ್ಣಮಾಚಾರ್ಯರು ಅಲ್ಲಿ ಆಚಾರ್ಯರಾದರು. ಮರುವರ್ಷ ‘ಯೋಗ ಮಕರಂದ’ವೆಂಬ ಕನ್ನಡ ಗ್ರಂಥವನ್ನು ಪ್ರಕಟಿಸಿದರು. ಪಟ್ಟಾಭಿ ಜೋಯಿಸರು 1948ರಲ್ಲಿ ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ಅಷ್ಟಾಂಗ ಯೋಗ ಸಂಸ್ಥೆಯನ್ನು ಸ್ಥಾಪಿಸಿದರು. ಮುಂದೆ ದೂರದೇಶಗಳ ವಿದ್ಯಾರ್ಥಿಗಳೂ ಈ ಪದ್ಧತಿಯನ್ನು ಅರಸಿ ಮೈಸೂರಿಗೆ ಬಂದರು.

ಈ ಪದ್ಧತಿಯ ಜೀವಾಳ ವಿನ್ಯಾಸ. ಅಂದರೆ ಉಸಿರಿಗೂ ಚಲನೆಗೂ ಇರುವ ಹೊಂದಾಣಿಕೆ. ಉಸಿರನ್ನು ಒಳಗೆಳೆಯುತ್ತ ಕೈಗಳನ್ನು ಮೇಲೆತ್ತಬೇಕು. ಹೊರಬಿಡುತ್ತ ಮುಂದಕ್ಕೆ ಬಾಗಬೇಕು. ಮೊದಲನೆಯ ಸೂರ್ಯನಮಸ್ಕಾರದಲ್ಲಿ ಇಂತಹ 9 ವಿನ್ಯಾಸಗಳೂ ಎರಡನೆಯದರಲ್ಲಿ 17 ವಿನ್ಯಾಸಗಳೂ ಇವೆ. ದೃಷ್ಟಿಯನ್ನು ಎಲ್ಲಿ ನೆಲೆಗೊಳಿಸಬೇಕೆಂಬುದೂ ನಿಶ್ಚಿತವಾಗಿದೆ. ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಸೇರಿದರೂ ಪ್ರತಿಯೊಬ್ಬರೂ ತಮ್ಮ ಉಸಿರಿನ ಗತಿಗೆ ತಕ್ಕಂತೆ ಅಭ್ಯಾಸ ಮಾಡುತ್ತಾರೆ. ಒಂದು ಆಸನ ಹದಕ್ಕೆ ಬಂದ ಮೇಲೆಯೇ ಗುರುವು ಮುಂದಿನದನ್ನು ಹೇಳಿಕೊಡುತ್ತಾನೆ.

ಪಶ್ಚಿಮೋತ್ತಾನಾಸನವನ್ನೇ ನೋಡಬಹುದು. ಕಾಲುಗಳನ್ನು ನೀಡಿ ಕುಳಿತು, ಮುಂದಕ್ಕೆ ಬಾಗಿ ಕಾಲಿನ ಹೆಬ್ಬೆರಳುಗಳನ್ನು ಹಿಡಿಯುವುದು ಇದರ ಕ್ರಮ. ಹೊಸಬನು ಬೆರಳುಗಳನ್ನು ಮುಟ್ಟುವ ಆತುರದಲ್ಲಿ ಬೆನ್ನನ್ನು ಗೂನು ಮಾಡಿ, ಉಸಿರು ಬಿಗಿಹಿಡಿಯುತ್ತಾನೆ. ಸೊಂಟದಿಂದ ಬಾಗಿ, ಬೆನ್ನನ್ನು ನೀಳವಾಗಿಸಿ, ಮೊಣಕಾಲಿನವರೆಗೆ ಮಾತ್ರ ಕೈ ಎಟುಕಿದರೂ ಉಸಿರು ಸಮವಾಗಿದ್ದರೆ ಅದೇ ಸರಿಯಾದ ಆರಂಭ. ಉಸಿರು ಏರುಪೇರಾದರೆ ದೇಹವು ಮಿತಿ ಮೀರಿದೆಯೆಂದು ತಿಳಿಯಬೇಕು.

ಈ ಮಿತಿಯನ್ನು ಮೀರಿದರೆ ಆಗುವ ಹಾನಿಗೆ ಬಿ.ಕೆ.ಎಸ್. ಅಯ್ಯಂಗಾರರ ಅನುಭವವೇ ನಿದರ್ಶನ. ಬಾಲ್ಯದಲ್ಲಿ ಕಾಯಿಲೆಗಳಿಂದ ಸೊರಗಿದ್ದ ಅವರು ಮೈಸೂರಿನಲ್ಲಿ ಕೃಷ್ಣಮಾಚಾರ್ಯರ ಶಿಷ್ಯರಾದರು. ಅಭ್ಯಾಸವಿಲ್ಲದ ಹನುಮಾನಾಸನವನ್ನು ಗುರುಗಳ ಆಜ್ಞೆಯಂತೆ ಪ್ರದರ್ಶಿಸಿದಾಗ ತೊಡೆಯ ಹಿಂಬದಿಯ ಸ್ನಾಯುಗಳಿಗೆ ಪೆಟ್ಟಾಗಿ, ಬಹುಕಾಲ ನಡೆಯಲು ಕಷ್ಟವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಮುಂದೆ ಜಗತ್ಪ್ರಸಿದ್ಧ ಯೋಗಾಚಾರ್ಯರಾದ ಅವರು ಆಸನದ ನಿಖರತೆಗೆ ಬಹಳ ಒತ್ತು ಕೊಟ್ಟರು. ಆದುದರಿಂದ ನೋವನ್ನು ನುಂಗಿಕೊಳ್ಳುವುದು ಶ್ರದ್ಧೆಯಲ್ಲ. ‘ನೋಯುತ್ತಿದೆ’ ಎಂದು ಹೇಳುವ ಹಕ್ಕು ಶಿಷ್ಯನಿಗಿದೆ. ಅದನ್ನು ಕೇಳಿ ಕೈ ಹಿಂತೆಗೆಯುವುದು ಗುರುವಿನ ಕರ್ತವ್ಯ.

ಸಂಪ್ರದಾಯದಂತೆ ವಾರಕ್ಕೆ ಆರು ದಿನ, ಮುಂಜಾನೆ ಬರಿಹೊಟ್ಟೆಯಲ್ಲಿ ಅಭ್ಯಾಸ ನಡೆಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಂದು ವಿರಾಮವಿರುತ್ತದೆ. ಕೊನೆಯಲ್ಲಿ ಅಂಗಾತ ಮಲಗಿ ವಿಶ್ರಮಿಸುವುದನ್ನು ಬಿಡುವಂತಿಲ್ಲ. ಒಂದು ದಿನ ಎರಡು ಗಂಟೆ ದುಡಿದು ವಾರವೆಲ್ಲ ಸುಮ್ಮನಿರುವುದಕ್ಕಿಂತ, ದಿನವೂ ಕೆಲವೇ ಸೂರ್ಯನಮಸ್ಕಾರಗಳನ್ನು ತಪ್ಪದೆ ಮಾಡುವುದು ಮೇಲು. ದೀರ್ಘಕಾಲ, ಎಡೆಬಿಡದೆ, ಆದರದಿಂದ ನಡೆಸಿದ ಅಭ್ಯಾಸವೇ ದೃಢವಾಗುವುದೆಂಬುದು ಪತಂಜಲಿಯ ಅಭಿಪ್ರಾಯ. ಎಷ್ಟು ಆಸನಗಳು ಬರುತ್ತವೆ ಎಂಬುದು ಯೋಗಿಯ ಅಳತೆಗೋಲಲ್ಲ. ಕಷ್ಟದ ಆಸನದಲ್ಲಿಯೂ ಉಸಿರು ಶಾಂತವಾಗಿದೆಯೇ ಎಂಬುದೇ ಅಳತೆಗೋಲು.