ಪಿಸ್ತೂಲಿನ ಸ್ಪ್ರಿಂಗಿಗೂ ಆಯಸ್ಸುಂಟು

ಆಯುಧಪೂಜೆಯ ದಿನ ನಮ್ಮಂಥ ಗುಮಾಸ್ತರ ಮನೆಗಳಲ್ಲಿ ಕುಂಕುಮ ಇಡಿಸಿಕೊಳ್ಳುವ ವಸ್ತುಗಳೆಂದರೆ ಈಳಿಗೆಮಣೆ, ಕತ್ತರಿ, ಸ್ಕೂಟರು. ಬಹಳವೆಂದರೆ ಮಗನ ಕಂಪ್ಯೂಟರು. ಪಿಸ್ತೂಲಿರುವ ಮನೆ ನೂರಕ್ಕೊಂದೂ ಇರಲಾರದು. ಹಾಗಿದ್ದೂ ಈ ಸಂಚಿಕೆಗೆ ಪಿಸ್ತೂಲಿನ ವಿಷಯ ಬರೆಯಲು ನಾವು ಹೊರಟಿರುವುದಕ್ಕೆ ಕಾರಣವಿದೆ. ಹೊರನಾಡಿನ ಕನ್ನಡಿಗರಲ್ಲಿ ಸೈನ್ಯದಿಂದ ನಿವೃತ್ತರಾಗಿ ಬ್ಯಾಂಕಿನಲ್ಲೋ ಕಾರ್ಖಾನೆಯಲ್ಲೋ ಕಾವಲಿನ ಕೆಲಸ ಹಿಡಿದವರಿದ್ದಾರೆ. ತಂದೆಯ ಪಿಸ್ತೂಲನ್ನು ತಮ್ಮ ಹೆಸರಿನ ಲೈಸೆನ್ಸಿಗೆ ಏರಿಸಿಕೊಂಡವರಿದ್ದಾರೆ. ಈಚೆಗಂತೂ ಪುಣೆಯ ಬಾಲೇವಾಡಿ, ದಿಲ್ಲಿಯ ತುಘಲಕಾಬಾದು ಮೊದಲಾದ ಕಡೆ ಗುರಿಯ ಅಭ್ಯಾಸಕ್ಕೆ ಹೋಗುವ ನಮ್ಮ ಹುಡುಗ ಹುಡುಗಿಯರೂ ಇದ್ದಾರೆ. ಇವರೆಲ್ಲ ನಳಿಗೆ ಒರೆಸುತ್ತಾರೆ, ಎಣ್ಣೆ ಹಾಕುತ್ತಾರೆ, ಹಿಡಿಗೆ ಹೊಳಪು ಕೊಡುತ್ತಾರೆ. ಒಳಗಿರುವ ಒಂದು ಸ್ಪ್ರಿಂಗಿನ ಗೊಡವೆಗೆ ಹೋಗುವವರು ಮಾತ್ರ ಕಡಿಮೆ.

ನಮ್ಮ ವೃತ್ತಿ ಕಾಗದ ಕಡತದ್ದು. ಈ ವಿದ್ಯೆ ನಮಗೆ ಬಂದುದು ನೆರೆಮನೆಯ ನಿವೃತ್ತ ಸುಬೇದಾರರಿಂದ. ಅವರು ಕೊಡಗಿನವರು. ಅವರ ನಾಡಿನಲ್ಲಿ ಸೆಪ್ಟೆಂಬರ್ ೩ರ ಕೈಲ್ ಮುಹೂರ್ತದಂದು ಕೋವಿಗಳನ್ನು ಶುಚಿಮಾಡಿ ಹೂವೇರಿಸಿ ಪೂಜಿಸುವ ಪದ್ಧತಿಯುಂಟು. "ಹೂವು ಕೋವಿಯ ಮೇಲಿಡಿ, ಕಣ್ಣು ಕೋವಿಯ ಒಳಗಿಡಿ" ಎಂಬುದು ಅವರ ಮಾತು. ಅವರು ಹೇಳಿದ್ದನ್ನೂ ಆಮೇಲೆ ನಾವು ಓದಿ ತಿಳಿದುಕೊಂಡಿದ್ದನ್ನೂ ಸೇರಿಸಿ ಇಲ್ಲಿ ಇಡುತ್ತಿದ್ದೇವೆ.

ಸೆಮಿ ಆಟೊಮ್ಯಾಟಿಕ್ ಪಿಸ್ತೂಲೆಂದರೆ ಟ್ರಿಗರು ಒಂದು ಸಲ ಎಳೆದರೆ ಒಂದೇ ಗುಂಡು ಹಾರಿಸಿ, ಮುಂದಿನ ತೋಟೆಯನ್ನು ತಾನಾಗಿಯೇ ತುಂಬಿಕೊಳ್ಳುವಂಥದು. ಈ 'ತಾನಾಗಿ' ಎಂಬುದರ ಗುಟ್ಟು ಇಷ್ಟೆ. ಗುಂಡು ಹಾರಿದ ಒದೆತಕ್ಕೆ ಪಿಸ್ತೂಲಿನ ಮೇಲ್ಭಾಗದ ಉಕ್ಕಿನ ಹೊದಿಕೆ, ಅಂದರೆ ಸ್ಲೈಡು, ಹಿಂದಕ್ಕೆ ಜಾರುತ್ತದೆ. ಜಾರುವಾಗ ಖಾಲಿ ತೋಟೆಯನ್ನು ಎಳೆದು ಹೊರಕ್ಕೆ ಎಸೆಯುತ್ತದೆ. ಅದೇ ವೇಳೆಗೆ ನಳಿಗೆಯ ಕೆಳಗೋ ಸುತ್ತಲೋ ಕುಳಿತಿರುವ ರಿಕಾಯಿಲ್ ಸ್ಪ್ರಿಂಗು ಮುದುಡಿಕೊಂಡು, ಒದೆತದ ಒಂದು ಪಾಲನ್ನು ತನ್ನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಸ್ಲೈಡು ಹಿಂದಿನ ಕೊನೆ ಮುಟ್ಟಿದ ಮೇಲೆ ಸ್ಪ್ರಿಂಗು ಆ ಸಾಲ ತೀರಿಸುತ್ತದೆ. ಅದು ತಳ್ಳಿದ ಬಲಕ್ಕೆ ಸ್ಲೈಡು ಮುಂದಕ್ಕೆ ಬಂದು, ಮ್ಯಾಗಜೀನಿನ ಮೇಲಿನ ತೋಟೆಯನ್ನು ನೂಕಿಕೊಂಡು ಹೋಗಿ ನಳಿಗೆಯ ಬುಡದಲ್ಲಿ ಕೂರಿಸಿ ಬಾಗಿಲು ಮುಚ್ಚುತ್ತದೆ. (ಮ್ಯಾಗಜೀನೆಂದರೆ ಇಲ್ಲಿ ತೋಟೆ ತುಂಬುವ ಡಬ್ಬಿ, ವಾಚಕರ ಕೈಯಲ್ಲಿರುವ ಈ ತ್ರೈಮಾಸಿಕವಲ್ಲ. ಇದರಲ್ಲಿ ತುಂಬುವುದು ಲೇಖನಗಳನ್ನು. ಅವೂ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತವೆಂದು ಸಂಪಾದಕರು ಹೇಳುವುದುಂಟು.) ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದರೊಳಗೆ.

ಹಾಗಾದರೆ ಸ್ಪ್ರಿಂಗಿಗೆ ಎರಡು ಕೆಲಸ. ಹಿಂದಕ್ಕೆ ಬರುವ ಸ್ಲೈಡು ಚೌಕಟ್ಟಿಗೆ ಬಲವಾಗಿ ಬಡಿಯದಂತೆ ತಡೆಯುವುದು ಒಂದು. ಅದನ್ನು ಪೂರ್ತಿಯಾಗಿ ಮುಂದಕ್ಕೆ ಮುಟ್ಟಿಸುವುದು ಇನ್ನೊಂದು. ಸ್ಪ್ರಿಂಗು ಸೊರಗಿದರೆ ಎರಡೂ ಕೆಡುತ್ತವೆ. ಮೊದಲನೆಯದು ಕೆಟ್ಟರೆ ಪ್ರತಿ ಗುಂಡಿಗೂ ಚೌಕಟ್ಟಿಗೆ ಸುತ್ತಿಗೆಯ ಪೆಟ್ಟು. ದಿನಗಳೆದಂತೆ ಅಲ್ಲಿ ಬಿರುಕು ಕಾಣಿಸಿಕೊಳ್ಳಬಹುದು. ಎರಡನೆಯದು ಕೆಟ್ಟರೆ ಬಾಗಿಲು ಪೂರ್ತಿ ಮುಚ್ಚದೆ, ಬೇಕಾದ ಹೊತ್ತಿಗೆ ಗುಂಡು ಹಾರದು. ಕಾವಲುಗಾರನ ಪಾಲಿಗೆ ಇದು ಸಣ್ಣ ಮಾತಲ್ಲ. ಸ್ಪ್ರಿಂಗಿನ ಬೆಲೆ ಪಿಸ್ತೂಲಿನ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಯಂತ್ರಗಳಿಗೂ ಸಲ್ಲುತ್ತದೆ.

ಸ್ಪ್ರಿಂಗು ದಣಿಯುವುದು ಹೇಗೆ? ಎಳೆದಷ್ಟು ಬಲ ಎಂಬ ನಿಯಮವನ್ನು ಇಂಗ್ಲೆಂಡಿನ ರಾಬರ್ಟ್ ಹುಕ್ ೧೬೭೬ರಲ್ಲಿ ಅಕ್ಷರಗಳನ್ನು ಕಲಸಿದ ಒಗಟಿನ ರೂಪದಲ್ಲಿ ಪ್ರಕಟಿಸಿ, ೧೬೭೮ರಲ್ಲಿ ಅದನ್ನು ಬಿಡಿಸಿ ಹೇಳಿದನು. ವಿದ್ವಾಂಸರಿಗೂ ತಮ್ಮ ಸರಕು ಬೇರೆಯವರ ಪಾಲಾದೀತೆಂಬ ಭಯ ಆಗಲೇ ಇತ್ತು! ಆ ನಿಯಮ ನಡೆಯುವುದು ಒಂದು ಮಿತಿಯ ಒಳಗೆ. ಮಿತಿ ಮೀರಿ ಒತ್ತಿದರೆ ಉಕ್ಕು ತನ್ನ ಹಳೆಯ ಆಕಾರಕ್ಕೆ ಮರಳುವುದಿಲ್ಲ. ಮಿತಿಯ ಒಳಗೇ ಇದ್ದರೂ ಸಾವಿರಾರು ಸಲ ಮುದುಡಿ ಬಿಚ್ಚಿಕೊಂಡ ಸ್ಪ್ರಿಂಗು ಅಷ್ಟಷ್ಟೇ ಬಲ ಕಳೆದುಕೊಳ್ಳುತ್ತದೆ. ಬಹಳ ಜನ ತಿಳಿದಿರುವುದು ಇದಕ್ಕೆ ವಿರುದ್ಧ. ಪಿಸ್ತೂಲು ಹತ್ತು ವರ್ಷ ಬೀರುವಿನಲ್ಲಿ ಬಿದ್ದಿತ್ತು, ಸ್ಪ್ರಿಂಗು ಹೋಗಿರಬೇಕು ಎನ್ನುತ್ತಾರೆ. ಸರಿಯಾಗಿ ಮಾಡಿದ ಸ್ಪ್ರಿಂಗು ಸುಮ್ಮನೆ ಕುಳಿತ ಮಾತ್ರಕ್ಕೆ ಹಾಗೆ ಸೊರಗದು. ತುಕ್ಕು ಹಿಡಿದರೆ ಆ ಮಾತು ಬೇರೆ. ಸ್ಪ್ರಿಂಗಿನ ಆಯಸ್ಸನ್ನು ಎಣಿಸಬೇಕಾದುದು ಪಂಚಾಂಗದಿಂದಲ್ಲ, ಹಾರಿಸಿದ ಗುಂಡುಗಳಿಂದ.

ಎಷ್ಟು ಗುಂಡುಗಳಿಗೆ ಎಂದರೆ, ಒಂದೇ ಉತ್ತರವಿಲ್ಲ. ಅಮೆರಿಕದ ಜಾನ್ ಬ್ರೌನಿಂಗ್ ರಚಿಸಿದ .೪೫ ಬೋರಿನ ಪಿಸ್ತೂಲನ್ನು ಅಲ್ಲಿಯ ಸೈನ್ಯವು ೧೯೧೧ರಲ್ಲಿ ಅಂಗೀಕರಿಸಿತು. ಇಂದಿಗೂ ಅದರ ಹೆಸರು 'ನೈನ್‌ಟೀನ್ ಇಲೆವೆನ್' ಎಂದೇ. ಅದರ ಪೂರ್ಣ ಅಳತೆಯ ಮಾದರಿಗೆ ವಾಡಿಕೆಯಾಗಿ ಹಾಕುವುದು ೧೬ ಪೌಂಡಿನ ಸ್ಪ್ರಿಂಗು. ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿದಾಗ ಅದು ತೋರುವ ಬಲ ಅಷ್ಟು. ನಮ್ಮ ಲೆಕ್ಕದಲ್ಲಿ ಏಳೂಕಾಲು ಕಿಲೋ. ಇದನ್ನು ಎರಡರಿಂದ ಮೂರು ಸಾವಿರ ಗುಂಡುಗಳಿಗೊಮ್ಮೆ ಬದಲಾಯಿಸುವುದು ಅಲ್ಲಿಯ ಗುರಿಕಾರರಲ್ಲಿ ರೂಢಿ. ಇಟಲಿಯ ಬೆರೆಟ್ಟಾ ೯೨ ಎಂಬ ೯ ಮಿಲಿಮೀಟರ್ ಪಿಸ್ತೂಲಿಗೆ ಐದು ಸಾವಿರವೆಂದು ಹೇಳುವರು. ಜೇಬಿನಲ್ಲಿ ಹಿಡಿಸುವ ಗಿಡ್ಡ ಪಿಸ್ತೂಲುಗಳಿಗೆ ಇದಕ್ಕಿಂತ ಬಹಳ ಕಡಿಮೆ. ಗಿಡ್ಡದಾದರೆ ಒದೆತವೇನೂ ಗಿಡ್ಡವಾಗುವುದಿಲ್ಲವಲ್ಲ! ಅದೇ ಕೆಲಸವನ್ನು ಮೊಳಕ್ಕೆ ಬದಲು ಗೇಣು ಜಾಗದಲ್ಲಿ ಮಾಡಬೇಕಾದ ಸ್ಪ್ರಿಂಗು ಪ್ರತಿ ಸಲವೂ ತನ್ನ ಮಿತಿಯ ಅಂಚಿಗೆ ಹೋಗಿ ಬರುತ್ತದೆ. ಕೊಂಡಾಗ ಕೊಟ್ಟ ಕೈಪಿಡಿಯಲ್ಲಿ ಇದಕ್ಕೊಂದು ಎಣಿಕೆ ಹೇಳಿದ್ದರೆ ಅದೇ ಪ್ರಮಾಣ.

ನಮ್ಮ ದೇಶದಲ್ಲಿ ೯ ಮಿಲಿಮೀಟರಿನದು ಸೈನ್ಯ ಮತ್ತು ಪೊಲೀಸರದು. ಖಾಸಗಿಯವರ ಕೈಯಲ್ಲಿ ಹೆಚ್ಚಾಗಿ ಕಾಣುವ ಪಿಸ್ತೂಲು .೩೨ ಬೋರಿನದು. ಈ ಬೋರಿನ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ನಳಿಗೆಗೂ ಸ್ಲೈಡಿಗೂ ಅಗಳಿ ಹಾಕುವ ಏರ್ಪಾಟು ಇರುವುದಿಲ್ಲ. ಗುಂಡು ಹಾರುವ ಕ್ಷಣದಲ್ಲಿ ಬಾಗಿಲನ್ನು ಹಿಡಿದಿರುವುದು ಸ್ಲೈಡಿನ ತೂಕ ಮತ್ತು ಈ ಸ್ಪ್ರಿಂಗು, ಎರಡೇ. ಆದುದರಿಂದ ಇವುಗಳಲ್ಲಿ ಸ್ಪ್ರಿಂಗಿನ ಬಲಕ್ಕೆ ಇನ್ನಷ್ಟು ಬೆಲೆ. ವರ್ಷಕ್ಕೆ ಇಪ್ಪತ್ತು ಗುಂಡು ಹಾರಿಸುವ ಮನೆಯವರು ಐವತ್ತು ವರ್ಷಕ್ಕೆ ಸಾವಿರ ಮುಟ್ಟುತ್ತಾರೆ, ಅವರಿಗೆ ಆತುರವೇನಿಲ್ಲ. ಆದರೆ ತಂದೆಯಿಂದ ಬಂದ ಪಿಸ್ತೂಲಿನ ಎಣಿಕೆ ಯಾರಿಗೆ ಗೊತ್ತು? ಅಂಥದಕ್ಕೆ ಒಮ್ಮೆ ಹೊಸ ಸ್ಪ್ರಿಂಗು ಹಾಕಿಸಿ, ಅಂದಿನಿಂದ ಸೊನ್ನೆಯೆಂದು ಲೆಕ್ಕ ಹಿಡಿಯುವುದೇ ಜಾಣತನ.

ನಮ್ಮ ಸಂಘದ ಹಿರಿಯರೊಬ್ಬರ ಬಳಿ ಇಂಥದೇ ಹಳೆಯ .೩೨ ಇದೆ. ರೇಂಜಿನಲ್ಲಿ ಮೂರು ನಾಲ್ಕು ಗುಂಡುಗಳಿಗೊಮ್ಮೆ ಸ್ಲೈಡು ಕಡ್ಡಿಯಷ್ಟು ಅಂತರ ಬಿಟ್ಟು ನಿಂತುಬಿಡುತ್ತಿತ್ತು. ಅವರು ಹೆಬ್ಬೆರಳಿನಿಂದ ಹಿಂದಿನಿಂದ ನೂಕಿ ಕೂರಿಸುವರು. ಮತ್ತೆ ಅದೇ ಕಥೆ. ಆರು ತಿಂಗಳು ತೋಟೆಗಳನ್ನೇ ಬೈದರು. ಕೊನೆಗೆ ಸುಬೇದಾರರ ಮುಂದೆ ವಿಷಯ ಬಂತು. ಅವರು ಮೊದಲು ಸ್ಪ್ರಿಂಗಿನ ಸುದ್ದಿಯನ್ನೇ ಎತ್ತಲಿಲ್ಲ. "ಇದಕ್ಕೆ ಎಣ್ಣೆ ಹಾಕಿದ್ದು ಯಾವಾಗ, ಸ್ವಾಮಿ?" ಎಂದರು. "ವರ್ಷಾ ವರ್ಷಾ ಹಾಕ್ತೀನಲ್ಲ!" ಎಂದರು ಹಿರಿಯರು. "ಹಾಕ್ತೀರಿ, ಸರಿ. ತೆಗೆಯೋದು?" ಎಂದಾಗ ಉತ್ತರವಿರಲಿಲ್ಲ. ವರ್ಷಗಳ ಎಣ್ಣೆ, ಧೂಳು, ಮಸಿ ಸೇರಿ ಜಾಡಿನಲ್ಲಿ ಬೆಲ್ಲದ ಪಾಕದಂತೆ ಕಟ್ಟಿಕೊಂಡಿತ್ತು. ಅದನ್ನು ತೊಳೆದು, ಹೊಸ ಎಣ್ಣೆಯ ತೆಳುವಾದ ಪಸೆ ಕೊಟ್ಟರು. ಹೊಸ ಪೆಟ್ಟಿಗೆಯ ತೋಟೆಗಳನ್ನೂ ಇನ್ನೊಂದು ಮ್ಯಾಗಜೀನನ್ನೂ ಹಾಕಿ ನೋಡಿದರು. ತೊಂದರೆ ಕಡಿಮೆಯಾಯಿತು, ಹೋಗಲಿಲ್ಲ. ಆಮೇಲೆ ಆಯುಧದಂಗಡಿಯಲ್ಲಿ ಹೊಸ ಸ್ಪ್ರಿಂಗೊಂದನ್ನು ಹಳೆಯದರ ಪಕ್ಕ ಇಟ್ಟರೆ, ಹಳೆಯದು ಎರಡು ಸುತ್ತಿನಷ್ಟು ಗಿಡ್ಡ! ಹೊಸದು ಒಳಗೆ ಹೋದ ಮೇಲೆ ಪಿಸ್ತೂಲು ಸುಮ್ಮನಾಯಿತು. ತೋಟೆಗಳೂ ಬೈಸಿಕೊಳ್ಳುವುದು ನಿಂತಿತು.

ಈ ಕ್ರಮ ನಮಗೆ ಬಹಳ ಮೆಚ್ಚುಗೆಯಾಯಿತು. ಕೊಳೆ, ತೋಟೆ, ಮ್ಯಾಗಜೀನು, ಇವನ್ನು ನೋಡಿ ಮುಗಿಸಿದ ಮೇಲೆಯೇ ಸ್ಪ್ರಿಂಗು. ಉದ್ದ ನೋಡುವುದರಲ್ಲಿಯೂ ಒಂದು ಎಚ್ಚರಿಕೆ ಬೇಕು. ಹೊಚ್ಚಹೊಸ ಸ್ಪ್ರಿಂಗು ಮೊದಲ ಕೆಲವು ಸಲ ಮುದುಡಿದಾಗಲೇ ಕೊಂಚ ಗಿಡ್ಡವಾಗಿ ನಿಲ್ಲುತ್ತದೆ. ಅದು ಸಹಜ, ಹೆದರಬೇಕಾಗಿಲ್ಲ. ಉಳಿದ ಗುರುತುಗಳೂ ಇವೆ. ಖಾಲಿ ತೋಟೆಗಳು ಮೊದಲು ಬೀಳುತ್ತಿದ್ದ ಜಾಗಕ್ಕಿಂತ ದೂರ ಹೋಗಿ ಬೀಳತೊಡಗಿದರೆ, ಅದೇ ತೋಟೆಗೆ ಒದೆತ ಗಡುಸಾಯಿತೆಂದು ಕೈಗೆ ಅನಿಸಿದರೆ, ಸ್ಪ್ರಿಂಗು ಸೋಲುತ್ತಿದೆ ಎಂದು ಸಂಶಯಪಡಬೇಕು. ಸ್ಪ್ರಿಂಗಿನ ಸುತ್ತು ಬಾಗಿದ್ದರೆ, ಸೀಳಿದ್ದರೆ, ತುಕ್ಕಿನ ಗುಳಿ ಬಿದ್ದಿದ್ದರೆ ಎಣಿಕೆ ನೋಡುವ ಅಗತ್ಯವೇ ಇಲ್ಲ.

ಆಸ್ಟ್ರಿಯದ ಗ್ಲಾಕ್ ಪಿಸ್ತೂಲಿಗೆ ಒಂದು ಸುಲಭ ಪರೀಕ್ಷೆಯುಂಟು. ಮ್ಯಾಗಜೀನು ತೆಗೆದು, ನಳಿಗೆಯ ಬುಡ ಖಾಲಿಯೆಂದು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ, ಮತ್ತೊಮ್ಮೆ ನೋಡಿ, ಆಮೇಲೆ ಅಪಾಯವಿಲ್ಲದ ದಿಕ್ಕಿಗೆ ಅರ್ಧ ಮೇಲ್ಮುಖವಾಗಿ ಹಿಡಿಯುವುದು. ಟ್ರಿಗರನ್ನು ಎಳೆದು ಹಾಗೆಯೇ ಒತ್ತಿಹಿಡಿದು, ಸ್ಲೈಡನ್ನು ಪೂರ್ತಿ ಹಿಂದಕ್ಕೆ ಎಳೆದು ನಿಧಾನವಾಗಿ ಬಿಡುವುದು. ಸ್ಲೈಡು ತನ್ನಷ್ಟಕ್ಕೆ ಪೂರ್ತಿ ಮುಂದೆ ಹೋಗಿ ಕುಳಿತರೆ ಸ್ಪ್ರಿಂಗು ಸರಿ. ನಡುವೆ ನಿಂತರೆ ಬದಲಾಯಿಸತಕ್ಕದ್ದು. ಬೇರೆ ಜಾತಿಯ ಪಿಸ್ತೂಲುಗಳಿಗೆ ಅವವುಗಳ ಕೈಪಿಡಿಯನ್ನೇ ನಂಬಬೇಕು. ಈ ಪರೀಕ್ಷೆಯನ್ನು ಮಕ್ಕಳ ಎದುರಿಗೆ, ಟೆಲಿವಿಷನ್ ನೋಡುತ್ತ, ನೆಂಟರಿಗೆ ತೋರಿಸುವ ಉತ್ಸಾಹದಲ್ಲಿ ಮಾಡುವವರಿದ್ದರೆ ಅವರಿಗೆ ಪಿಸ್ತೂಲೇ ಬೇಡ.

ಗಟ್ಟಿಯಾದ ಸ್ಪ್ರಿಂಗು ಹಾಕಿಬಿಟ್ಟರೆ ಬಾಳಿಕೆ ಹೆಚ್ಚಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ತೋಟೆಯ ಬಲಕ್ಕೂ ಸ್ಪ್ರಿಂಗಿನ ಬಲಕ್ಕೂ ಹೊಂದಿಕೆಯಿರಬೇಕು. ಇಲ್ಲದಿದ್ದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಅತಿ ಗಟ್ಟಿಯಾದರೆ ಸ್ಲೈಡು ಸಾಕಷ್ಟು ಹಿಂದಕ್ಕೆ ಬಾರದೆ ಖಾಲಿ ತೋಟೆ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮುಂದಕ್ಕೆ ಹೋಗುವಾಗ ಜೋರಾಗಿ ಅಪ್ಪಳಿಸಿ ಮೂತಿ ಕೆಳಕ್ಕೆ ಬಾಗುತ್ತದೆ; ಗುರಿಯೂ ಕೆಡುತ್ತದೆ.

ಸ್ಪರ್ಧೆಗೆ ಹೋಗುವ ಮಕ್ಕಳ ತಾಯ್ತಂದೆಗಳು ಇದನ್ನು ಇನ್ನಷ್ಟು ಗಮನಿಸಬೇಕು. ಹೆಂಗಸರ ೨೫ ಮೀಟರ್ ಪಿಸ್ತೂಲು ಸ್ಪರ್ಧೆಯ ಅರ್ಹತಾ ಸುತ್ತಿಗೇ ೬೦ ಗುಂಡುಗಳು. ದಿನಕ್ಕೆ ನೂರರಂತೆ ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡುವ ಹುಡುಗಿ ಐದು ವಾರಕ್ಕೆ ಎರಡು ಸಾವಿರ ಮುಟ್ಟುತ್ತಾಳೆ. ಅವಳ .೨೨ ಪಿಸ್ತೂಲಿನ ಒದೆತ ಮೃದು, ನಿಜ. ಆದರೂ ಎಣಿಕೆ ಓಡುತ್ತದೆ. ೨೦೨೧ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆ ಕೆಟ್ಟು, ಅಮೂಲ್ಯವಾದ ಹೊತ್ತು ಹೋಗಿ, ಫೈನಲ್ ಕೈತಪ್ಪಿದ್ದು ವಾಚಕರಿಗೆ ನೆನಪಿರಬಹುದು. ಅದು ಗಾಳಿಯ ಪಿಸ್ತೂಲು. ಅದರಲ್ಲಿ ನಮ್ಮ ಈ ಸ್ಪ್ರಿಂಗು ಇಲ್ಲವೇ ಇಲ್ಲ. ಆದರೆ ಒಂದು ಸಣ್ಣ ಭಾಗ ಮುರಿದರೆ ವರ್ಷಗಳ ಸಾಧನೆ ಏನಾಗುತ್ತದೆಂಬುದು ಅಂದು ದೇಶಕ್ಕೆಲ್ಲ ಕಂಡಿತು. ಆಕೆ ೨೦೨೪ರಲ್ಲಿ ಪ್ಯಾರಿಸಿನಿಂದ ಎರಡು ಕಂಚಿನ ಪದಕ ತಂದುದು ನಮ್ಮೆಲ್ಲರ ಪುಣ್ಯ. ಪಂದ್ಯದ ಹಿಂದಿನ ದಿನ ಹೊಸ ಸ್ಪ್ರಿಂಗು ಹಾಕುವುದೂ ಸರಿಯಲ್ಲ. ಎರಡು ಮೂರು ವಾರ ಮೊದಲೇ ಹಾಕಿ, ಅಭ್ಯಾಸದಲ್ಲಿ ಅದರ ನಡತೆ ನೋಡಿಕೊಳ್ಳಬೇಕು.

ಇಲ್ಲಿ ಗುಮಾಸ್ತರಾದ ನಮ್ಮ ಪಾಲಿನ ಸಲಹೆಯೊಂದುಂಟು: ಒಂದು ಚಿಕ್ಕ ನೋಟುಬುಕ್ಕು ಇಡಿ. ತಾರೀಕು, ಹಾರಿಸಿದ ಗುಂಡುಗಳು, ಒಟ್ಟು ಮೊತ್ತ, ಆದ ತೊಂದರೆ, ಹೀಗೆ ನಾಲ್ಕು ಮನೆ ಗೀಚಿದರೆ ಸಾಕು. ಸುಮಾರು ನೂರು ಎಂದು ಬರೆಯಬೇಡಿ, ೯೪ ಆದರೆ ೯೪ ಎಂದೇ ಬರೆಯಿರಿ. ಸುಬೇದಾರರು ಈ ಸಲಹೆ ಕೇಳಿ ನಕ್ಕರು. ಆದರೆ ಮರುವಾರ ಅವರ ಪೆಟ್ಟಿಗೆಯಲ್ಲಿಯೂ ಒಂದು ನೋಟುಬುಕ್ಕು ಕಂಡಿತು. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿ ವಾಪಸು ತಂದ ಪಿಸ್ತೂಲನ್ನು ಬಿಚ್ಚಿ, ಒಳಗೆ ತುಕ್ಕು ಬಂದಿದೆಯೇ ಎಂದು ನೋಡಿದ ತಾರೀಕೂ ಅದರಲ್ಲೇ ಇರಲಿ.

೧೯೫೯ರ ಆಯುಧ ಕಾಯಿದೆಯ ಪ್ರಕಾರ ದುರಸ್ತಿಯ ಕಸುಬು ಮಾಡುವವನಿಗೂ ಲೈಸೆನ್ಸು ಬೇಕು. ಆದಕಾರಣ ಮೂಲೆಯ ಲೇತ್ ಅಂಗಡಿಯವನಿಂದ ತಂತಿ ಸುತ್ತಿಸಿ ಹಾಕಿಸುವ ಮಿತವ್ಯಯ ಬೇಡ. ಲೈಸೆನ್ಸಿರುವ ಆಯುಧದಂಗಡಿಯಲ್ಲಿ, ಆ ಪಿಸ್ತೂಲಿಗೇ ಹೇಳಿದ ಸ್ಪ್ರಿಂಗನ್ನು ಹಾಕಿಸಿ, ರಸೀತಿಯನ್ನು ನೋಟುಬುಕ್ಕಿನಲ್ಲಿ ಅಂಟಿಸಿ. ತೆಗೆದ ಹಳೆಯ ಸ್ಪ್ರಿಂಗನ್ನು, ಎಂದಾದರೂ ಬೇಕಾದೀತೆಂದು ಹೊಸದರ ಜೊತೆ ಡಬ್ಬಿಯಲ್ಲಿ ಇಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ. ಆರು ತಿಂಗಳ ಮೇಲೆ ಎರಡರಲ್ಲಿ ಯಾವುದು ಯಾವುದೆಂದು ಯಾರಿಗೂ ತಿಳಿಯದು. ಅಂಗಡಿಯಲ್ಲೇ ಅದನ್ನು ಇಕ್ಕಳದಿಂದ ಎರಡು ತುಂಡು ಮಾಡಿಸಿ, ಅಲ್ಲಿಯ ಕಸದ ಬುಟ್ಟಿಗೆ ಹಾಕಿ ಬನ್ನಿ.